ಚರ್ಚಿನಲ್ಲಿ ಕಾಯಿಲೆ ಹರಡದಂತೆ ತಡೆಯಲು ಎಲ್ಲಿಂದ ಆರಂಭಿಸಬೇಕು?

ಪ್ರಶ್ನೆ: ನಮ್ಮ ಸಭೆಯಲ್ಲಿ ಪ್ರತಿ ಭಾನುವಾರ ಸುಮಾರು 200 ಜನ ಸೇರುತ್ತೇವೆ. ವಯಸ್ಸಾದವರೂ ಪುಟ್ಟ ಮಕ್ಕಳೂ ಹೆಚ್ಚು. ಫ್ಲೂ ಕಾಲ ಬಂತೆಂದರೆ ಗಾಯಕವೃಂದದ ಅರ್ಧದಷ್ಟು ಜನ ಒಟ್ಟಿಗೇ ಮಲಗುತ್ತಾರೆ. ಈಚೆಗೆ ಪ್ರೀತಿಭೋಜನದ ಮರುದಿನ ಹಲವರಿಗೆ ವಾಂತಿಭೇದಿಯಾಯಿತು. ಪ್ರತಿ ಆರಾಧನೆಯ ನಂತರ ಬೆಂಚುಗಳನ್ನೆಲ್ಲ ಸೋಂಕುನಿವಾರಕದಿಂದ ಒರೆಸುತ್ತಿದ್ದೇವೆ, ಆದರೂ ವ್ಯತ್ಯಾಸ ಕಾಣುತ್ತಿಲ್ಲ. ಕರ್ತನ ಭೋಜನದಲ್ಲಿ ಎಲ್ಲರೂ ಒಂದೇ ಪಾತ್ರೆಯಿಂದ ದ್ರಾಕ್ಷಾರಸ ಕುಡಿಯುವುದನ್ನು ನಿಲ್ಲಿಸಬೇಕೇ ಎಂಬುದರಲ್ಲಿ ಹಿರಿಯರಿಗೆ ಒಮ್ಮತವಿಲ್ಲ. ಏನು ಮಾಡಬೇಕು?

ಉತ್ತರ: ನೀವು ಹೇಳಿರುವುದು ಒಂದು ತೊಂದರೆಯಲ್ಲ, ಎರಡು. ಫ್ಲೂ, ಕೋವಿಡ್, ನೆಗಡಿಯಂಥವು ಮುಖ್ಯವಾಗಿ ಎಲ್ಲರೂ ಹಂಚಿಕೊಂಡು ಉಸಿರಾಡುವ ಗಾಳಿಯಿಂದ ಹರಡುತ್ತವೆ. ವಾಂತಿಭೇದಿ ಹರಡುವುದು ಕೈ, ಆಹಾರ ಮತ್ತು ಶೌಚಾಲಯದ ಮೂಲಕ. ಬೆಂಚು ಒರೆಸಿದರೆ ಮೊದಲನೆಯದಕ್ಕೆ ಹೆಚ್ಚೇನೂ ಆಗುವುದಿಲ್ಲ, ಎರಡನೆಯದಕ್ಕೆ ಅಲ್ಪಸ್ವಲ್ಪ ಆದೀತು. ನಿಮ್ಮ ಸ್ವಯಂಸೇವಕರ ದುಡಿಮೆ ಫಲ ಕಡಿಮೆ ಇರುವ ಕಡೆಗೇ ಹೋಗುತ್ತಿದೆ. ಅದನ್ನು ಗಾಳಿಯ ಕಡೆಗೆ, ಕಾಯಿಲೆಯವರು ಸಂಕೋಚವಿಲ್ಲದೆ ಮನೆಯಲ್ಲಿ ಉಳಿಯುವಂಥ ಏರ್ಪಾಡಿನ ಕಡೆಗೆ, ಅಡುಗೆಮನೆಯ ಕಡೆಗೆ ತಿರುಗಿಸಿ.

ಗಾಳಿಯಿಂದಲೇ ಶುರುಮಾಡೋಣ, ಏಕೆಂದರೆ ಚರ್ಚಿನಲ್ಲಿ ಬೇರೆ ಸಭಾಂಗಣಗಳಲ್ಲಿ ಇಲ್ಲದ ಒಂದು ಸಂಗತಿಯಿದೆ: ಎಲ್ಲರೂ ಒಟ್ಟಿಗೆ ಹಾಡುತ್ತಾರೆ. ಸುಮ್ಮನೆ ಕುಳಿತು ಉಸಿರಾಡುವಾಗ ಹೊರಬರುವುದಕ್ಕಿಂತ ಎಷ್ಟೋ ಪಾಲು ಹೆಚ್ಚು ಸೂಕ್ಷ್ಮ ಹನಿಗಳು ದೊಡ್ಡ ದನಿಯಲ್ಲಿ ಹಾಡುವಾಗ ಹೊರಬರುತ್ತವೆ. ಗಾಳಿ ಆಡದ ಕೋಣೆಯಲ್ಲಿ ಅವು ಬಹಳ ಹೊತ್ತು ತೇಲುತ್ತಿರುತ್ತವೆ. 2020ರ ಮಾರ್ಚ್ 10ರಂದು ಅಮೆರಿಕದ ವಾಷಿಂಗ್ಟನ್ ರಾಜ್ಯದ ಸ್ಕ್ಯಾಜಿಟ್ ಕಣಿವೆಯ ಗಾಯಕವೃಂದವೊಂದು ಎರಡೂವರೆ ಗಂಟೆ ಅಭ್ಯಾಸ ನಡೆಸಿತು. ಬಂದಿದ್ದ 61 ಜನರಲ್ಲಿ ಒಬ್ಬರಿಗೆ ನೆಗಡಿಯಂಥ ಲಕ್ಷಣವಿತ್ತು. ಆಮೇಲೆ ಉಳಿದವರಲ್ಲಿ 52 ಜನರಿಗೆ ಕೋವಿಡ್ ಬಂತು (32 ಪರೀಕ್ಷೆಯಲ್ಲಿ ದೃಢಪಟ್ಟವು, 20 ಲಕ್ಷಣದ ಮೇಲೆ ಎಣಿಸಿದವು), ಇಬ್ಬರು ತೀರಿಕೊಂಡರು. ಅಂದು ಅವರು ಕೈಕುಲುಕಿರಲಿಲ್ಲ, ಬಾಗಿಲಲ್ಲಿ ಸ್ಯಾನಿಟೈಜರ್ ಕೂಡ ಇಟ್ಟಿದ್ದರು. ಕೈಯ ಬಗ್ಗೆ ಇದ್ದ ಎಚ್ಚರ ಗಾಳಿಯ ಬಗ್ಗೆ ಇರಲಿಲ್ಲ. ಅದೇ ವರ್ಷ ಸಿಡ್ನಿಯ ಚರ್ಚೊಂದರಲ್ಲಿ ಹಾಡುತ್ತಿದ್ದ ಒಬ್ಬರಿಂದ ಸೋಂಕು ತಗಲಿದವರಲ್ಲಿ ಕೆಲವರು ಅವರಿಂದ 15 ಮೀಟರ್‌ವರೆಗೂ ದೂರ ಕುಳಿತಿದ್ದವರು. ಆದ್ದರಿಂದ ಬೆಂಚುಗಳ ನಡುವೆ ಅಂತರ ಬಿಟ್ಟರೆ ಸಾಕು ಎಂದು ನಂಬಿಕೊಳ್ಳಬೇಡಿ. ಹತ್ತಿರದಲ್ಲಿ ಎದುರುಬದುರು ಮಾತಾಡುವವರಿಗೆ ಅಂತರ ನೆರವಾಗುತ್ತದೆ, ಮುಚ್ಚಿದ ಕೋಣೆಯಲ್ಲಿ ತುಂಬಿಕೊಂಡ ಗಾಳಿಗೆ ಆಗುವುದಿಲ್ಲ.

ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಮನೆ, ಆಸ್ಪತ್ರೆಗಳಲ್ಲದ ಕಟ್ಟಡಗಳಿಗೆ ಹೇಳಿದ ಅಳತೆ ತಲೆಗೆ ಸೆಕೆಂಡಿಗೆ 10 ಲೀಟರ್ ಹೊರಗಿನ ಗಾಳಿ. 200 ಜನರಿಗೆ ಅದು ಗಂಟೆಗೆ 7,200 ಘನ ಮೀಟರ್. ನಿಮ್ಮ ಸಭಾಂಗಣ 20 ಮೀಟರ್ ಉದ್ದ, 12 ಮೀಟರ್ ಅಗಲ, 5 ಮೀಟರ್ ಎತ್ತರ ಇದೆಯೆಂದುಕೊಳ್ಳಿ. ಒಳಗೆ 1,200 ಘನ ಮೀಟರ್ ಗಾಳಿ ಹಿಡಿಯುತ್ತದೆ. ಅಂದರೆ ಗಂಟೆಗೆ ಆರು ಸಲ ಒಳಗಿನ ಗಾಳಿಯೆಲ್ಲ ಬದಲಾಗಬೇಕು. ಎದುರುಬದುರು ಗೋಡೆಗಳ ಕಿಟಕಿಗಳನ್ನು ತೆರೆದು ಹೊರಗೆ ಒಂದಿಷ್ಟು ಗಾಳಿ ಬೀಸುತ್ತಿದ್ದರೆ ಇದು ತಾನಾಗಿಯೇ ಆಗಿಬಿಡುತ್ತದೆ. ಒಂದೇ ಬದಿಯ ಕಿಟಕಿ ತೆರೆದರೆ ಆಗುವುದಿಲ್ಲ.

ಇಲ್ಲಿ ಪದೇ ಪದೇ ಆಗುವ ತಪ್ಪುಗಳು ಮೂರು. ಸೀಲಿಂಗ್ ಫ್ಯಾನ್ ತಿರುಗುತ್ತಿದೆ, ಗಾಳಿ ಚೆನ್ನಾಗಿದೆ ಎಂದುಕೊಳ್ಳುವುದು: ಅದು ಇದ್ದ ಗಾಳಿಯನ್ನೇ ಕಲಕುತ್ತದೆ, ಹೊಸದನ್ನು ತರುವುದಿಲ್ಲ. ಸ್ಪ್ಲಿಟ್ ಎಸಿ ಹಾಕಿ ಎಲ್ಲ ಮುಚ್ಚಿಬಿಡುವುದು: ಈ ಎಸಿಗಳಲ್ಲಿ ಹೆಚ್ಚಿನವು ಒಳಗಿನ ಗಾಳಿಯನ್ನೇ ತಂಪುಮಾಡಿ ಮತ್ತೆ ಒಳಗೇ ಬಿಡುತ್ತವೆ. ಎಸಿ ಬೇಕೇಬೇಕಿದ್ದರೆ ಎರಡೂ ಬದಿಯ ಕಿಟಕಿಗಳನ್ನು ಒಂದು ಗೇಣಿನಷ್ಟಾದರೂ ತೆರೆದಿಡಿ, ಸ್ವಲ್ಪ ತಂಪು ಹೋದರೆ ಹೋಗಲಿ. ಮೂರನೆಯದು, ಎಕ್ಸಾಸ್ಟ್ ಫ್ಯಾನ್ ಪಕ್ಕದ ಕಿಟಕಿಯನ್ನೇ ತೆರೆಯುವುದು: ಆಗ ಫ್ಯಾನು ಆ ಕಿಟಕಿಯ ಗಾಳಿಯನ್ನೇ ಎಳೆದು ಹೊರಗೆ ಹಾಕುತ್ತದೆ, ಜನ ಕುಳಿತಲ್ಲಿನ ಗಾಳಿ ಅಲ್ಲೇ ನಿಂತಿರುತ್ತದೆ. ಫ್ಯಾನ್ ಒಂದು ತುದಿಯಲ್ಲಿದ್ದರೆ ತೆರೆದ ಬಾಗಿಲು ಕಿಟಕಿಗಳು ಇನ್ನೊಂದು ತುದಿಯಲ್ಲಿರಬೇಕು.

ಗಾಳಿ ಸಾಲುತ್ತಿದೆಯೇ ಎಂದು ಮೂಗಿನಿಂದ ತಿಳಿಯುವುದಿಲ್ಲ. ಇಂಗಾಲದ ಡೈಆಕ್ಸೈಡ್ ಮೀಟರ್ ಒಂದನ್ನು ಕೊಂಡುಕೊಳ್ಳಿ. ಒಳಗೆ ಎನ್‌ಡಿಐಆರ್ ಸೆನ್ಸರ್ (ಅತಿಗೆಂಪು ಬೆಳಕಿನಿಂದ ಆ ಅನಿಲವನ್ನೇ ನೇರವಾಗಿ ಅಳೆಯುವಂಥದು) ಇರುವುದೇ ಬೇಕು, ಅಗ್ಗದ ಕೆಲವು ಮೀಟರ್‌ಗಳು ಬೇರೆ ಅನಿಲಗಳನ್ನು ನೋಡಿ ಅಂದಾಜಿನ ಸಂಖ್ಯೆ ತೋರಿಸುತ್ತವೆ. ಹೊರಗೆ ತೆರೆದ ಜಾಗದಲ್ಲಿ ಅದು ಸುಮಾರು 420 ಪಿಪಿಎಂ (ಹತ್ತು ಲಕ್ಷ ಪಾಲಿನಲ್ಲಿ 420 ಪಾಲು) ತೋರಿಸಬೇಕು. ಒಳಗೆ ಕುಳಿತವರ ತಲೆಯ ಎತ್ತರದಲ್ಲಿ, ಕಿಟಕಿಯಿಂದ ದೂರ, ಯಾರ ಉಸಿರೂ ನೇರವಾಗಿ ತಾಗದಂತೆ ಇಡಿ. ಆರಂಭದಲ್ಲಿ ನೋಡಿದರೆ ಪ್ರಯೋಜನವಿಲ್ಲ, ಕೊನೆಯ ಹಾಡಿನ ಹೊತ್ತಿಗೆ ನೋಡಿ. 800ರ ಒಳಗಿದ್ದರೆ ಚೆನ್ನಾಗಿದೆ. ತಲೆಗೆ 10 ಲೀಟರ್ ಸಿಗುತ್ತಿದ್ದರೆ ಕುಳಿತ ಜನರಲ್ಲಿ ಅದು 900ರ ಆಸುಪಾಸಿನಲ್ಲಿ ನಿಲ್ಲುತ್ತದೆ, ಹಾಡಿದಾಗ ಇನ್ನೂ ಸ್ವಲ್ಪ ಏರುತ್ತದೆ. 1,500 ದಾಟಿದರೆ ನೀವು ಒಬ್ಬರು ಬಿಟ್ಟ ಉಸಿರನ್ನು ಮತ್ತೊಬ್ಬರು ಎಳೆದುಕೊಳ್ಳುತ್ತಿದ್ದೀರಿ, ಅಂದೇ ಇನ್ನಷ್ಟು ಕಿಟಕಿ ತೆರೆಯಿರಿ. ಒಂದು ಎಚ್ಚರಿಕೆ: ಹೆಪಾ ಶೋಧಕ (ಗಾಳಿಯ ಸೂಕ್ಷ್ಮ ಕಣಗಳನ್ನು ಸೋಸುವ ಯಂತ್ರ) ಇಟ್ಟರೆ ಈ ಸಂಖ್ಯೆ ಇಳಿಯುವುದಿಲ್ಲ. ಅದು ವೈರಸ್ ಇರುವ ಹನಿಗಳನ್ನು ಹಿಡಿಯುತ್ತದೆ, ಅನಿಲವನ್ನಲ್ಲ.

ಆ ಶೋಧಕ ಎಲ್ಲಿ ಉಪಯೋಗಕ್ಕೆ ಬರುತ್ತದೆ ಎಂಬುದನ್ನೂ ಲೆಕ್ಕ ಹಾಕಿಯೇ ತೀರ್ಮಾನಿಸಿ. ಗಂಟೆಗೆ 500 ಘನ ಮೀಟರ್ ಶುದ್ಧ ಗಾಳಿ ಕೊಡುವ ಯಂತ್ರವನ್ನು ನಿಮ್ಮ 1,200 ಘನ ಮೀಟರ್ ಸಭಾಂಗಣದಲ್ಲಿಟ್ಟರೆ ಗಂಟೆಗೆ ಅರ್ಧ ಸಲವೂ ಗಾಳಿ ಶುದ್ಧವಾಗುವುದಿಲ್ಲ, ದುಡ್ಡು ದಂಡ. ಅದನ್ನೇ 6 ಮೀಟರ್ ಉದ್ದ, 5 ಮೀಟರ್ ಅಗಲ, 3 ಮೀಟರ್ ಎತ್ತರದ ಸಂಡೇ ಸ್ಕೂಲ್ ಕೋಣೆಯಲ್ಲಿಟ್ಟರೆ ಗಂಟೆಗೆ ಐದೂವರೆ ಸಲ ಶುದ್ಧವಾಗುತ್ತದೆ. ಅಮೆರಿಕದ ರೋಗ ನಿಯಂತ್ರಣ ಸಂಸ್ಥೆ ಸಿಡಿಸಿ 2023ರಿಂದ ಕಟ್ಟಡಗಳಿಗೆ ಹೇಳುತ್ತಿರುವ ಗುರಿ ಗಂಟೆಗೆ ಐದು. ದೊಡ್ಡ ಸಭಾಂಗಣಕ್ಕೆ ಕಿಟಕಿ ಮತ್ತು ಎಕ್ಸಾಸ್ಟ್, ಚಿಕ್ಕ ಕೋಣೆಗಳಿಗೆ ಶೋಧಕ: ಖರ್ಚು ಮಾಡುವುದಾದರೆ ಹೀಗೆ ಮಾಡಿ.

ಭಾನುವಾರ ಎರಡು ಆರಾಧನೆಗಳಿದ್ದರೆ ನಡುವಿನ ಬಿಡುವಿಗೂ ಲೆಕ್ಕವಿದೆ. ಮೊದಲನೆಯವರು ಹೋದ ಮೇಲೆ ಒಳಗೆ ಉಳಿದ ಹನಿಗಳಲ್ಲಿ ನೂರಕ್ಕೆ 99 ಪಾಲು ಹೊರಹೋಗಲು, ಗಂಟೆಗೆ ಆರು ಸಲ ಗಾಳಿ ಬದಲಾಗುತ್ತಿದ್ದರೆ 46 ನಿಮಿಷ ಸಾಕು. ಎರಡೇ ಸಲ ಆಗುತ್ತಿದ್ದರೆ 138 ನಿಮಿಷ ಬೇಕು. ಆ ಹೊತ್ತಿನಲ್ಲಿ ಬಾಗಿಲುಗಳನ್ನು ಪೂರ್ತಿ ತೆರೆದಿಡುವುದೇ ಬೆಂಚು ಒರೆಸುವುದಕ್ಕಿಂತ ದೊಡ್ಡ ಶುದ್ಧೀಕರಣ.

ಗಾಯಕವೃಂದದ ಅಭ್ಯಾಸ ನಿಮ್ಮ ಸಭೆಯ ಅತ್ಯಂತ ಅಪಾಯದ ಗಂಟೆ. ಚಿಕ್ಕ ಕೋಣೆ, ಬಾಗಿಲು ಮುಚ್ಚಿರುತ್ತದೆ, ಹಾಡು ನಿಲ್ಲುವುದಿಲ್ಲ. ಅಭ್ಯಾಸವನ್ನು ಮುಖ್ಯ ಸಭಾಂಗಣಕ್ಕೇ ತನ್ನಿ. 30 ನಿಮಿಷ ಹಾಡಿ, 15 ನಿಮಿಷ ಎಲ್ಲರೂ ಹೊರಗೆ ಹೋಗಿ, ಮತ್ತೆ ಹಾಡಿ. ಅರ್ಧವೃತ್ತದಲ್ಲಿ ಮುಖಕ್ಕೆ ಮುಖ ಕೊಟ್ಟು ನಿಲ್ಲುವ ಬದಲು ಒಂದೇ ದಿಕ್ಕಿಗೆ ನಿಲ್ಲಿ. ಗಂಟಲು ಕೆರೆತ ಇರುವವರು ಅಂದು ಬರಲೇಬಾರದು, “ಹಾಡುವುದಿಲ್ಲ, ಸುಮ್ಮನೆ ಕುಳಿತು ಕೇಳುತ್ತೇನೆ” ಎಂದರೂ ಬೇಡ. ಒಂದೇ ಮೈಕ್ ಬಾಯಿಂದ ಬಾಯಿಗೆ ಹೋಗುವುದಾದರೆ ಪ್ರತಿಯೊಬ್ಬರಿಗೂ ಬೇರೆ ಸ್ಪಂಜಿನ ಹೊದಿಕೆ ಕೊಡಿ.

ಇನ್ನು ಮನೆಯಲ್ಲಿ ಉಳಿಯುವ ಮಾತು. ನನ್ನ ಅಭಿಪ್ರಾಯದಲ್ಲಿ ಕಷ್ಟದ ಕೆಲಸ ಇದೇ, ಏಕೆಂದರೆ ಇಲ್ಲಿ ಅಡ್ಡಬರುವುದು ಜನರ ಭಕ್ತಿ ಮತ್ತು ಕರ್ತವ್ಯಪ್ರಜ್ಞೆ. ಪಾಠ ಓದಬೇಕಾದವರು, ಕೀಬೋರ್ಡ್ ನುಡಿಸುವವರು, ಸಂಡೇ ಸ್ಕೂಲ್ ಶಿಕ್ಷಕಿ, ಸಭಾಪಾಲಕರು, ಇವರೆಲ್ಲ ಜ್ವರವಿದ್ದರೂ ಬರುತ್ತಾರೆ. ತಾನು ತಪ್ಪಿಸಿದರೆ ಕೆಲಸ ನಿಲ್ಲುತ್ತದೆ ಎಂದು ಅವರಿಗೆ ಗೊತ್ತು. ಹಾಗಾಗಿ ಪ್ರತಿ ಸೇವೆಗೂ ಬದಲಿಯ ಹೆಸರನ್ನು ತಿಂಗಳ ಪಟ್ಟಿಯಲ್ಲೇ ಬರೆದಿಡಿ. ಬೆಳಿಗ್ಗೆ ಆರು ಗಂಟೆಗೆ ಒಂದು ಸಂದೇಶ ಕಳಿಸಿದರೆ ಸಾಕು, ಕಾರಣ ಕೇಳುವಂತಿಲ್ಲ ಎಂದು ನಿಯಮ ಮಾಡಿ. ಸಭಾಪಾಲಕರೇ ಒಂದು ಭಾನುವಾರ ಜ್ವರವೆಂದು ಬರದೆ ಉಳಿದರೆ ಹತ್ತು ಪ್ರಕಟಣೆಗಳಿಗಿಂತ ಹೆಚ್ಚು ಪರಿಣಾಮವಾಗುತ್ತದೆ. ಇನ್ನೊಂದು, ಸಂಡೇ ಸ್ಕೂಲ್‌ನಲ್ಲಿ ಒಂದು ದಿನವೂ ತಪ್ಪಿಸದ ಮಕ್ಕಳಿಗೆ ಬಹುಮಾನ ಕೊಡುವ ಪದ್ಧತಿಯಿದ್ದರೆ ದಯವಿಟ್ಟು ನಿಲ್ಲಿಸಿ. ಆ ಬಹುಮಾನಕ್ಕಾಗಿಯೇ ಮೂಗು ಸೋರುವ ಮಕ್ಕಳು ಬರುತ್ತಾರೆ.

ಯಾವಾಗ ಮರಳಿ ಬರಬಹುದು? ಜ್ವರವಿಳಿಸುವ ಮಾತ್ರೆಯಿಲ್ಲದೆ 24 ಗಂಟೆ ಜ್ವರವಿಲ್ಲದಿದ್ದು, ಉಳಿದ ಲಕ್ಷಣಗಳೂ ತಗ್ಗುತ್ತಿದ್ದರೆ ಬರಬಹುದು. ಆದರೂ ಇನ್ನೈದು ದಿನ ಮಾಸ್ಕ್ ಹಾಕಿ, ವೃದ್ಧರಿಂದ ದೂರ ಕುಳಿತುಕೊಳ್ಳುವುದು ಒಳ್ಳೆಯದು. ವಾಂತಿಭೇದಿಯಾದವರು ಪೂರ್ತಿ ನಿಂತ ಮೇಲೆ 48 ಗಂಟೆ ಕಾಯಬೇಕು. ಎರಡು ವಾರ ಮೀರಿದ ಕೆಮ್ಮಿದ್ದರೆ ಕ್ಷಯದ ಪರೀಕ್ಷೆ ಮಾಡಿಸಿಕೊಂಡೇ ಬರಲಿ. ಜ್ವರದ ಜೊತೆ ಮೈಮೇಲೆ ಗುಳ್ಳೆ ಅಥವಾ ಕೆಂಪು ದದ್ದು ಎದ್ದಿದ್ದರೆ ಚರ್ಚಿಗೂ ಬೇಡ, ಆಸ್ಪತ್ರೆಗೂ ಮೊದಲು ಫೋನ್ ಮಾಡಿಯೇ ಹೋಗಬೇಕು.

ಮನೆಯಲ್ಲಿ ಉಳಿಯುವುದು ವಿಶ್ವಾಸದ ಕೊರತೆ ಎನ್ನುವವರು ನಿಮ್ಮ ಸಭೆಯಲ್ಲೂ ಇರಬಹುದು. ಅವರಿಗೆ ಎರಡು ಸಂಗತಿ ತಿಳಿಸಿ. 1527ರಲ್ಲಿ ವಿಟೆನ್‌ಬರ್ಗಿಗೆ ಪ್ಲೇಗ್ ಬಂದಾಗ ಮಾರ್ಟಿನ್ ಲೂಥರ್ ಊರು ಬಿಡದೆ ರೋಗಿಗಳ ಆರೈಕೆಗೆ ನಿಂತರು. ಆದರೆ ಔಷಧಿ ತೆಗೆದುಕೊಳ್ಳಬೇಕು, ಅಗತ್ಯವಿಲ್ಲದ ಕಡೆ ಹೋಗಿ ಇತರರ ಸಾವಿಗೆ ಕಾರಣವಾಗಬಾರದು ಎಂದೂ ಸ್ಪಷ್ಟವಾಗಿ ಬರೆದರು. 1918ರ ಇನ್‌ಫ್ಲುಯೆಂಜಾ ಕಾಲದಲ್ಲಿ ಸ್ಪೇನಿನ ಜಮೋರಾ ನಗರದ ಬಿಷಪ್ಪರು ಸಂತ ರೋಚರ ಹೆಸರಿನಲ್ಲಿ ಜನರನ್ನು ಒಂಬತ್ತು ದಿನಗಳ ಪ್ರಾರ್ಥನೆಗೆ ಒಟ್ಟುಗೂಡಿಸಿದರು. ಆ ದೇಶದಲ್ಲಿ ಅತಿ ಹೆಚ್ಚು ಜನ ಸತ್ತ ನಗರಗಳಲ್ಲಿ ಜಮೋರಾ ಒಂದಾಯಿತು. ಬರಲಾಗದವರಿಗೆ ಆರಾಧನೆಯನ್ನು ಫೋನಿನಲ್ಲಿ ತಲುಪಿಸಿ, ಗುಣವಾದ ಮೇಲೆ ಕರ್ತನ ಭೋಜನವನ್ನು ಮನೆಗೇ ಕೊಂಡೊಯ್ಯಿರಿ. ಆಗ ತಪ್ಪಿಸಿಕೊಂಡೆನೆಂಬ ನೋವು ಅವರಿಗಿರುವುದಿಲ್ಲ.

ಈಗ ಪಾತ್ರೆಯ ವಿಚಾರ. ಹಿರಿಯರ ಎರಡೂ ಗುಂಪಿನ ಮಾತಿನಲ್ಲಿ ಸತ್ಯಾಂಶವಿದೆ. ಒಂದೇ ಪಾತ್ರೆಯಿಂದ ರೋಗ ಹರಡಿದ್ದು ದಾಖಲಾಗಿಲ್ಲ ಎಂದು ಸಿಡಿಸಿಯ ತಜ್ಞರು 1998ರಲ್ಲಿ ಬರೆದರು. ಆದರೆ ಪಾತ್ರೆ ಸಂಪೂರ್ಣ ಸುರಕ್ಷಿತ ಎಂದು ಅವರು ಹೇಳಲಿಲ್ಲ. ಅಪಾಯ ಬಹಳ ಕಡಿಮೆ, ಆದರೆ ಇಲ್ಲವೆನ್ನಲಾಗದು ಎಂದರು. ದ್ರಾಕ್ಷಾರಸದ ಮದ್ಯ ರೋಗಾಣುಗಳನ್ನು ಕೊಲ್ಲುತ್ತದೆ ಎಂಬ ನಂಬಿಕೆ ಮಾತ್ರ ನಿಲ್ಲುವುದಿಲ್ಲ. ಕೈಗೆ ಹಚ್ಚುವ ಸ್ಯಾನಿಟೈಜರ್‌ನಲ್ಲಿ ನೂರಕ್ಕೆ ಕನಿಷ್ಠ 60 ಪಾಲು ಮದ್ಯಸಾರ ಬೇಕು, ದ್ರಾಕ್ಷಾರಸದಲ್ಲಿ ಅದು 10ರಿಂದ 20 ಪಾಲು, ಒಬ್ಬರ ತುಟಿಗೂ ಮತ್ತೊಬ್ಬರ ತುಟಿಗೂ ನಡುವೆ ಸಿಗುವುದು ಕೆಲವೇ ಸೆಕೆಂಡು. ಬಟ್ಟೆಯಿಂದ ಅಂಚನ್ನು ಒರೆಸಿ ಪಾತ್ರೆಯನ್ನು ತಿರುಗಿಸಿ ಕೊಡುವುದರಿಂದ ಬ್ಯಾಕ್ಟೀರಿಯಾ ಕಡಿಮೆಯಾಗುತ್ತದೆ, ಇಲ್ಲವಾಗುವುದಿಲ್ಲ. ಹುದುಗಿಸದ ದ್ರಾಕ್ಷಿರಸ ಬಳಸುವ ಸಭೆಗಳಿಗಂತೂ ಮದ್ಯದ ಆ ಅಲ್ಪ ನೆರವೂ ಇಲ್ಲ. ಅವರು ಒಂದೇ ಪಾತ್ರೆಯನ್ನು ಬಿಟ್ಟು ಚಿಕ್ಕ ಲೋಟಗಳಿಗೆ ಹೋಗುವುದೇ ಸರಿ.

ಇದಕ್ಕೆ ಪರಿಹಾರವೆಂದು ಅನೇಕ ಸಭೆಗಳು ರೊಟ್ಟಿಯನ್ನು ರಸದಲ್ಲಿ ಅದ್ದಿ ತೆಗೆದುಕೊಳ್ಳಲು ಆರಂಭಿಸುತ್ತವೆ. ಇದು ಕುಡಿಯುವುದಕ್ಕಿಂತ ಕೆಟ್ಟದು. ಪ್ರತಿಯೊಬ್ಬರ ಬೆರಳೂ ರಸದ ಹತ್ತಿರ ಹೋಗುತ್ತದೆ, ಕೆಲವರದು ಒಳಗೇ ಮುಳುಗುತ್ತದೆ, ಬಾಯಿಗಿಂತ ಬೆರಳಿನಲ್ಲಿ ಕರುಳಿನ ರೋಗಾಣು ಇರುವ ಸಾಧ್ಯತೆ ಹೆಚ್ಚು. ಅದ್ದಲೇಬೇಕೆಂದರೆ ಕೈ ಶುದ್ಧಮಾಡಿಕೊಂಡ ಸೇವಕರೊಬ್ಬರೇ ಅದ್ದಿ ಕೊಡಲಿ. ನನ್ನ ಸಲಹೆ: ಕಾಯಿಲೆ ಹೆಚ್ಚಿಲ್ಲದ ಕಾಲದಲ್ಲಿ ಒಂದೇ ಪಾತ್ರೆ ಬೇಕೆನ್ನುವವರ ಮನಸ್ಸು ನೋಯಿಸಬೇಡಿ, ಫ್ಲೂ ಅಥವಾ ವಾಂತಿಭೇದಿ ಊರಿನಲ್ಲಿ ಹಬ್ಬಿರುವಾಗ ನಿಲ್ಲಿಸಿ, ಯಾವಾಗ ಮರಳಿ ಆರಂಭವೆಂದೂ ಅಂದೇ ತಿಳಿಸಿ. ಇಂಗ್ಲೆಂಡಿನ ಆಂಗ್ಲಿಕನ್ ಸಭೆ 2009ರ ಹಂದಿಜ್ವರದ ಕಾಲದಲ್ಲೂ 2020ರಲ್ಲೂ ಹೀಗೆಯೇ ಒಂದೇ ಪಾತ್ರೆ ಹಂಚಿಕೊಳ್ಳುವುದನ್ನು ನಿಲ್ಲಿಸಲು ಹೇಳಿತು. ರೊಟ್ಟಿಯೊಂದರಲ್ಲೇ ಕ್ರಿಸ್ತನು ಪೂರ್ಣವಾಗಿದ್ದಾನೆ ಎಂಬುದು ಕಥೋಲಿಕರ ಬೋಧನೆ. ಅವರಿಗೆ ಇದರಲ್ಲಿ ಧರ್ಮಸಂಕಟವೇ ಇಲ್ಲ.

ಪಾತ್ರೆಗಿಂತ ಹೆಚ್ಚು ಗಮನ ಬೇಕಾಗಿರುವುದು ಹಂಚುವವರ ಕೈಗೆ. ಆರಂಭದಲ್ಲಿ ಕೈ ತೊಳೆದುಕೊಂಡು, ನಡುವೆ ಕಾಣಿಕೆ ಮುಟ್ಟಿ, ಸಮಾಧಾನದ ವಂದನೆಗೆ ಹತ್ತು ಜನರ ಕೈಹಿಡಿದು, ಆಮೇಲೆ ರೊಟ್ಟಿ ಮುರಿದರೆ ತೊಳೆದದ್ದು ವ್ಯರ್ಥ. ಹಂಚುವ ಕ್ಷಣಕ್ಕೆ ಮೊದಲು ಸುಮಾರು 3 ಮಿ.ಲೀ. ಸ್ಯಾನಿಟೈಜರ್ ಹಾಕಿ 20ರಿಂದ 30 ಸೆಕೆಂಡು, ಪೂರ್ತಿ ಒಣಗುವವರೆಗೆ ಉಜ್ಜಬೇಕು. ಒದ್ದೆ ಕೈಯಲ್ಲಿ ಮೇಣದಬತ್ತಿ ಹಚ್ಚಲು ಹೋಗಬೇಡಿ, ಮದ್ಯಸಾರಕ್ಕೆ ಬೆಂಕಿ ತಗಲುತ್ತದೆ. ಬಾಟಲಿಯೂ ದೀಪಗಳಿಂದ ದೂರವಿರಲಿ. ನಾಲಿಗೆಯ ಮೇಲೆ ಕೊಡುವಾಗ ಬೆರಳು ತಾಗಿದರೆ ನಿಂತು ಮತ್ತೆ ಶುದ್ಧಮಾಡಿಕೊಳ್ಳಲಿ. ರೊಟ್ಟಿಯ ತಟ್ಟೆಯನ್ನು ಪ್ರಾರ್ಥನೆ, ಹಾಡಿನ ಹೊತ್ತಿನಲ್ಲಿ ಮುಚ್ಚಿಡಿ.

ಉಳಿದ ಪದ್ಧತಿಗಳನ್ನು ಬೇಗ ಹೇಳಿಬಿಡುತ್ತೇನೆ. ಕೈಕುಲುಕುವ ಬದಲು ಕೈಮುಗಿದರೆ ಸಮಾಧಾನದ ವಂದನೆಗೆ ಕೊರತೆಯಿಲ್ಲ. ಬಾಗಿಲಿನ ಪವಿತ್ರ ಜಲದ ತೊಟ್ಟಿಯಲ್ಲಿ ಎಲ್ಲರ ಬೆರಳೂ ಮುಳುಗುತ್ತದೆ. ವಾರಕ್ಕೊಮ್ಮೆ ಖಾಲಿಮಾಡಿ, ಸೋಪಿನಿಂದ ತಿಕ್ಕಿ, ಒಣಗಿಸಿ ತುಂಬಿ, ರೋಗ ಹಬ್ಬಿರುವಾಗ ಖಾಲಿ ಬಿಡಿ. ಶುಭ ಶುಕ್ರವಾರ ಶಿಲುಬೆಗೆ ಮುತ್ತಿಡುವ ಬದಲು ಬಾಗಿ ನಮಿಸಬಹುದು, 2020ರಲ್ಲಿ ವ್ಯಾಟಿಕನ್ನೇ ಮುತ್ತನ್ನು ಗುರುಗಳಿಗೆ ಮಾತ್ರ ಸೀಮಿತಗೊಳಿಸಿತ್ತು. ರೋಗಿಗಳಿಗೆ ಎಣ್ಣೆ ಹಚ್ಚುವಾಗ ಪ್ರತಿಯೊಬ್ಬರಿಗೂ ಹೊಸ ಹತ್ತಿ ಬಳಸಿ, ಮುಟ್ಟಿದ ಬೆರಳನ್ನು ಮತ್ತೆ ಎಣ್ಣೆಗೆ ಅದ್ದಬೇಡಿ. ಕೀರ್ತನೆ ಪುಸ್ತಕಗಳನ್ನು ಒರೆಸುವ ಅಗತ್ಯವಿಲ್ಲ. ಬಾಗಿಲ ಹಿಡಿ, ಶೌಚಾಲಯದ ನಲ್ಲಿ ಮತ್ತು ಚಿಲಕ, ಮೆಟ್ಟಿಲ ಕಂಬಿ, ಇಷ್ಟನ್ನು ಒರೆಸಿದರೆ ಸಾಕು. ಶೌಚಾಲಯದಲ್ಲಿ ಸೋಪು ಮತ್ತು ಒರೆಸಿ ಎಸೆಯುವ ಕಾಗದ ಎಂದೂ ಮುಗಿಯದಂತೆ ನೋಡಿಕೊಳ್ಳುವ ಹೊಣೆ ಒಬ್ಬರ ಹೆಸರಿಗಿರಲಿ.

ಪ್ರೀತಿಭೋಜನದ ವಾಂತಿಭೇದಿಗೆ ಕಾರಣವೇನೆಂದು ಗಡಿಯಾರ ನೋಡಿ ಬಹುಮಟ್ಟಿಗೆ ಊಹಿಸಬಹುದು. ಊಟವಾದ 1ರಿಂದ 6 ಗಂಟೆಯೊಳಗೆ ವಾಂತಿ ಶುರುವಾಗಿದ್ದರೆ ಬ್ಯಾಕ್ಟೀರಿಯಾ ಬಿಟ್ಟ ವಿಷ ಆಹಾರದಲ್ಲಿ ಮೊದಲೇ ತುಂಬಿತ್ತು; ಹೊರಗೇ ಉಳಿದ ಅನ್ನದಲ್ಲಿ ಬೆಳೆಯುವ ಬ್ಯಾಸಿಲಸ್ ಸೀರಿಯಸ್ ಅಥವಾ ಅಡುಗೆಯವರ ಕೈಗಾಯದಿಂದ ಬರುವ ಸ್ಟ್ಯಾಫಿಲೊಕಾಕಸ್ ಇರಬಹುದು. 6ರಿಂದ 24 ಗಂಟೆಯಲ್ಲಿ ಹೊಟ್ಟೆನುಲಿತ, ಭೇದಿ ಬಂದು ವಾಂತಿ ಅಪರೂಪವಾಗಿದ್ದರೆ ಕ್ಲಾಸ್ಟ್ರಿಡಿಯಂ ಪರ್ಫ್ರಿಂಜೆನ್ಸ್ ಎಂಬ ಬ್ಯಾಕ್ಟೀರಿಯಾ ಮೇಲೆ ಅನುಮಾನ. ದೊಡ್ಡ ಪಾತ್ರೆಯಲ್ಲಿ ಮಾಂಸ ಬೇಯಿಸಿ ನಿಧಾನವಾಗಿ ಆರಲು ಬಿಟ್ಟಾಗ ಬರುವುದೇ ಇದು. 12ರಿಂದ 48 ಗಂಟೆಯಲ್ಲಿ ಏಕಾಏಕಿ ವಾಂತಿ ಬಂದು, ಆಮೇಲೆ ಊಟವನ್ನೇ ಮಾಡದ ಮನೆಯವರಿಗೂ ಹಬ್ಬಿದ್ದರೆ ನೊರೊವೈರಸ್. ಯಾರು ಏನು ತಿಂದರು, ಎಷ್ಟು ಹೊತ್ತಿಗೆ ಶುರುವಾಯಿತು ಎಂಬ ಪಟ್ಟಿಯನ್ನು ನೆನಪು ಮಾಸುವ ಮೊದಲೇ ಬರೆದುಕೊಳ್ಳಿ.

ಮೊದಲೆರಡಕ್ಕೆ ಮದ್ದು ತಾಪಮಾನ. ಒಂದು ಅಡುಗೆ ಥರ್ಮಾಮೀಟರ್ ಇರಲಿ. ಕೋಳಿಮಾಂಸದ ನಡುಭಾಗ 74 ಡಿಗ್ರಿ ಸೆಲ್ಸಿಯಸ್ ಮುಟ್ಟಬೇಕು, ಬಿಸಿ ಪದಾರ್ಥ ಬಡಿಸುವವರೆಗೂ 60ರ ಮೇಲಿರಬೇಕು, ತಣ್ಣನೆಯದು 5ರ ಕೆಳಗೆ. ನಡುವೆ ಎರಡು ಗಂಟೆಗಿಂತ ಹೆಚ್ಚು ಇರಕೂಡದು. ಹಿಂದಿನ ದಿನವೇ ಮಾಡಿಡುವುದಾದರೆ ದೊಡ್ಡ ಪಾತ್ರೆಯನ್ನು ಹಾಗೇ ಫ್ರಿಜ್ಜಿಗೆ ತಳ್ಳಬೇಡಿ, ಅದರ ನಡುಭಾಗ ರಾತ್ರಿಯಿಡೀ ಉಗುರುಬೆಚ್ಚಗೇ ಇರುತ್ತದೆ. ಐದಾರು ಸೆಂಟಿಮೀಟರ್ ಆಳಕ್ಕೆ ಅಗಲ ತಟ್ಟೆಗಳಲ್ಲಿ ಹರಡಿ ಆರಿಸಿ. ನೊರೊವೈರಸ್‌ಗೆ ಮದ್ದು ಅಡುಗೆಯವರ ಆರೋಗ್ಯ: ಕಳೆದ 48 ಗಂಟೆಗಳಲ್ಲಿ ವಾಂತಿಭೇದಿಯಾದ ಯಾರೂ ಅಡುಗೆಗೆ, ಬಡಿಸಲಿಕ್ಕೆ, ತರಕಾರಿ ಹೆಚ್ಚಲಿಕ್ಕೆ ಬರಬಾರದು. ಸ್ಯಾನಿಟೈಜರ್ ಈ ವೈರಸ್ಸಿಗೆ ಅಷ್ಟಾಗಿ ಬಗ್ಗುವುದಿಲ್ಲ, ಸೋಪುನೀರಿನಲ್ಲಿ 20 ಸೆಕೆಂಡು ತೊಳೆಯಬೇಕು. ಎಲ್ಲರೂ ಒಂದೇ ಸೌಟು ಹಿಡಿಯುವ ಬದಲು ಇಬ್ಬರು ಮೂವರೇ ನಿಂತು ಬಡಿಸಲಿ.

ಆರಾಧನೆಯ ನಡುವೆ ಮಗುವೊಂದು ವಾಂತಿ ಮಾಡಿಕೊಂಡರೆ ಸುತ್ತಲಿನ ಕೆಲವು ಸಾಲುಗಳನ್ನು ಖಾಲಿಮಾಡಿಸಿ, ಕಿಟಕಿ ತೆರೆಯಿರಿ. ಕೈಗವಸು, ಮಾಸ್ಕ್ ಹಾಕಿದ ಒಬ್ಬರೇ ಕಾಗದ ಹೊದಿಸಿ, ಒತ್ತಿ ತೆಗೆದು ಚೀಲಕ್ಕೆ ಹಾಕಲಿ; ಪೊರಕೆ ಬೇಡ, ಅದು ಚಿಮ್ಮಿಸುತ್ತದೆ. ಮೊದಲು ಸೋಪುನೀರು, ಆಮೇಲೆ ಬ್ಲೀಚ್. ನೂರಕ್ಕೆ 5 ಪಾಲು ಶಕ್ತಿಯ ಬ್ಲೀಚ್ 100 ಮಿ.ಲೀ.ಗೆ 900 ಮಿ.ಲೀ. ನೀರು ಬೆರೆಸಿದರೆ 5,000 ಪಿಪಿಎಂ ದ್ರಾವಣ ಸಿಗುತ್ತದೆ. ಅದು 10 ನಿಮಿಷ ಒದ್ದೆಯಾಗಿಯೇ ನಿಲ್ಲಬೇಕು, ಹಚ್ಚಿದ ತಕ್ಷಣ ಒರೆಸಿದರೆ ಕೆಲಸ ಮಾಡುವುದಿಲ್ಲ. ದ್ರಾವಣವನ್ನು ಅಂದಂದೇ ಮಾಡಿ. ಶೌಚಾಲಯ ತೊಳೆಯುವ ಆಮ್ಲದೊಂದಿಗೆ ಎಂದಿಗೂ ಬೆರೆಸಬೇಡಿ, ಕ್ಲೋರಿನ್ ಅನಿಲ ಏಳುತ್ತದೆ.

ಮಕ್ಕಳ ವಿಷಯದಲ್ಲಿ ಲಸಿಕೆಯಷ್ಟು ಬಲವಾದದ್ದು ಬೇರಿಲ್ಲ. ದಡಾರದ ವೈರಸ್ ರೋಗಿ ಎದ್ದು ಹೋದ ಮೇಲೂ ಎರಡು ಗಂಟೆಯವರೆಗೆ ಕೋಣೆಯಲ್ಲಿ ಉಳಿಯುತ್ತದೆ. 2005ರಲ್ಲಿ ಅಮೆರಿಕದ ಇಂಡಿಯಾನಾದಲ್ಲಿ, ಲಸಿಕೆ ಹಾಕಿಸಿಕೊಳ್ಳದ 17 ವರ್ಷದ ಹುಡುಗಿಯೊಬ್ಬಳು ರೊಮೇನಿಯಾದಿಂದ ಸೇವಾಯಾತ್ರೆ ಮುಗಿಸಿ ಬಂದು ಚರ್ಚಿನ ಕೂಟಕ್ಕೆ ಹೋದಳು. ಅಲ್ಲಿಂದ ಹಬ್ಬಿ 34 ಜನರಿಗೆ ದಡಾರವಾಯಿತು, ಹೆಚ್ಚಿನವರು ಲಸಿಕೆ ಇಲ್ಲದವರು. ಹೊರದೇಶದ ಸೇವೆಗೆ ಹೋಗುವವರ ಲಸಿಕೆ ದಾಖಲೆ ನೋಡದೆ ಕಳಿಸಬೇಡಿ. ಪುಟ್ಟ ಮಕ್ಕಳ ಕೋಣೆಯಲ್ಲಿ ಬಾಯಿಗೆ ಹೋದ ಆಟಿಕೆಗಳನ್ನು ಹಾಕಲು ಬೇರೆ ಬುಟ್ಟಿ ಇಡಿ, ತೊಳೆಯದೆ ಅವು ಮರಳಿ ಬರಬಾರದು. ಡೈಪರ್ ಬದಲಿಸುವ ಮೇಜು ತಿಂಡಿ ಕೊಡುವ ಜಾಗದಿಂದ ದೂರವಿರಲಿ.

ಇಷ್ಟಾದರೂ ಒಂದು ವಾರ ಹಲವರು ಒಟ್ಟಿಗೆ ಮಲಗಿದರೆ ಮುಚ್ಚಿಡಬೇಡಿ. ಸ್ಥಳೀಯ ಆರೋಗ್ಯ ಇಲಾಖೆಗೆ ಅಂದೇ ತಿಳಿಸಿ, ಏಕೆಂದರೆ ಕೆಲವು ರೋಗಗಳಲ್ಲಿ ಗಂಟೆಗಳ ಲೆಕ್ಕವಿದೆ: ದಡಾರಕ್ಕೆ ಒಡ್ಡಿಕೊಂಡವರಿಗೆ 72 ಗಂಟೆಯೊಳಗೆ ಲಸಿಕೆ ಕೊಟ್ಟರೆ ಇನ್ನೂ ತಡೆಯಬಹುದು, ಮೆನಿಂಗೊಕಾಕಸ್ ಮಿದುಳುಜ್ವರವಾದರೆ ಹತ್ತಿರದ ಒಡನಾಟವಿದ್ದವರಿಗೆ ತಕ್ಷಣ ಔಷಧಿ ಬೇಕು. ಸಭೆಗೆ ಕಳಿಸುವ ಸಂದೇಶದಲ್ಲಿ ಯಾವ ಕೂಟ, ಯಾವ ದಿನ, ಎಷ್ಟು ಹೊತ್ತು, ಯಾವ ಲಕ್ಷಣ ನೋಡಿಕೊಳ್ಳಬೇಕು, ಎಲ್ಲಿಗೆ ಫೋನ್ ಮಾಡಬೇಕು ಎಂಬುದಿರಲಿ. ರೋಗಿಯ ಹೆಸರಾಗಲಿ, “ಗಾಯಕವೃಂದದ ಒಬ್ಬ ಸಹೋದರಿ” ಎಂಬಂಥ ಸುಳಿವಾಗಲಿ ಬೇಡ. ಒಮ್ಮೆ ಹೆಸರು ಹೊರಬಿದ್ದರೆ ಮುಂದಿನ ಸಲ ಕಾಯಿಲೆ ಬಿದ್ದವರು ನಿಮಗೆ ತಿಳಿಸುವುದೇ ಇಲ್ಲ.